ಬೆವರದೆ ದುಡಿಯುವ ವಿದ್ಯೆ

ಪ್ರತಿ ವರ್ಷ ದೀಪಾವಳಿಯ ಆಸುಪಾಸಿನಲ್ಲಿ ಭಾರತದ ಅಂಟಾರ್ಕ್ಟಿಕಾ ಯಾತ್ರೆಯ ತಂಡಗಳು ಹೊರಡಲು ಅಣಿಯಾಗುತ್ತವೆ. ಆಗ ಪತ್ರಿಕೆಗಳಲ್ಲಿ ಬರುವ ಫೋಟೊ ಹೆಚ್ಚುಕಡಿಮೆ ಒಂದೇ: ಕಣ್ಣು ಕುಕ್ಕುವ ಬಣ್ಣದ ದಪ್ಪ ಕೋಟು, ಕಪ್ಪು ಕನ್ನಡಕ, ಮುಖದ ಗುರುತೇ ಸಿಗದಂತೆ ಮುಚ್ಚಿದ ಟೋಪಿ, ಹಿಂದೆ ಬಿಳಿ ಬಯಲು. ಅಂಥ ಕೋಟು ಕೊಟ್ಟರೆ ಯಾರು ಬೇಕಾದರೂ ಹೋಗಿಬರಬಹುದು ಎಂದು ನೋಡಿದವರಿಗೆ ಅನ್ನಿಸಿದರೆ ತಪ್ಪಿಲ್ಲ. ಆದರೆ ಆ ಫೋಟೊದಲ್ಲಿರುವವರು ಗುದ್ದಲಿ ಹಿಡಿದು ಹಿಮ ಅಗೆಯಲು ನಿಂತರೆ ಮೊದಲು ಮಾಡುವ ಕೆಲಸ ಆ ಕೋಟನ್ನು ಬಿಚ್ಚಿಡುವುದು. ಧ್ರುವಪ್ರದೇಶದಲ್ಲಿ ಬಟ್ಟೆ ತೊಡುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಬಿಚ್ಚುವ ವಿದ್ಯೆ. ಅಲ್ಲಿ ಪಳಗಿದವರು ಚಳಿಗೆ ಹೆದರುವುದಕ್ಕಿಂತ ತಮ್ಮ ಬೆವರಿಗೆ ಹೆಚ್ಚು ಹೆದರುತ್ತಾರೆ.

ಇದು ಒಗಟಿನಂತೆ ಕೇಳಿಸಬಹುದು. ಬಿಡಿಸುವ ಮುನ್ನ ಅಲ್ಲಿಗೆ ಹೋಗುವ ದಾರಿಯನ್ನೊಮ್ಮೆ ನೋಡೋಣ. ಬಟ್ಟೆಯ ಕತೆ ಶುರುವಾಗುವುದೇ ದಾರಿಯಲ್ಲಿ.

ಭಾರತದ ಮೊದಲ ತಂಡ 1981ರ ಡಿಸೆಂಬರ್‌ನಲ್ಲಿ ಗೋವಾದಿಂದ ಹಡಗಿನಲ್ಲಿ ಹೊರಟು 1982ರ ಜನವರಿ 9ರಂದು ಅಂಟಾರ್ಕ್ಟಿಕಾದಲ್ಲಿ ಕಾಲಿಟ್ಟಿತು. ಡಾ. ಎಸ್.ಝಡ್. ಖಾಸಿಂ ಅವರ ಮುಂದಾಳ್ತನದ ಆ ತಂಡದಲ್ಲಿ 21 ಜನ ಇದ್ದರು. ಸಮುದ್ರಯಾನಕ್ಕೆ ಒಂದು ಅನುಕೂಲವಿತ್ತು: ದಿನದಿಂದ ದಿನಕ್ಕೆ ಚಳಿ ಏರುತ್ತಾ ಹೋಗುತ್ತಿದ್ದುದರಿಂದ ಮೈಗೂ ಮನಸ್ಸಿಗೂ ಹೊಂದಿಕೊಳ್ಳಲು ಸಮಯ ಸಿಗುತ್ತಿತ್ತು. ಹೊಟ್ಟೆಗೆ ಮಾತ್ರ ಆ ಭಾಗ್ಯವಿರಲಿಲ್ಲ. ದಕ್ಷಿಣದ 40ನೇ ಅಕ್ಷಾಂಶ ದಾಟಿದ ಮೇಲೆ ತಡೆಯಲು ಹೆಚ್ಚು ನೆಲವಿಲ್ಲದೆ ಭೂಮಿಯನ್ನು ಸುತ್ತುವ ಗಾಳಿಗೆ ಹಡಗು ತೊಟ್ಟಿಲಾಗುತ್ತದೆ. ಭಾರವಾದ ಸರಕು, ಇಂಧನ ಈಗಲೂ ಹಡಗಿನಲ್ಲೇ ಹೋಗುತ್ತವೆ. ಜನರಲ್ಲಿ ಹಲವರು ಮಾತ್ರ ದಕ್ಷಿಣ ಆಫ್ರಿಕದ ಕೇಪ್‌ಟೌನ್‌ವರೆಗೆ ಮಾಮೂಲಿ ವಿಮಾನದಲ್ಲಿ ಹೋಗಿ, ಅಲ್ಲಿಂದ ಇಲ್ಯುಷಿನ್-76 ಎಂಬ ರಷ್ಯದ ಸರಕುವಿಮಾನ ಹತ್ತುತ್ತಾರೆ. ಸುಮಾರು 4,200 ಕಿಲೋಮೀಟರ್ ದೂರದ ನೊವೊಲಝರೆವ್‌ಸ್ಕಯಾ ಎಂಬ ರಷ್ಯನ್ ನೆಲೆಯ ಹತ್ತಿರ ನೀಲಿ ಮಂಜುಗಡ್ಡೆಯನ್ನೇ ಹದಮಾಡಿದ ರನ್‌ವೇ ಇದೆ. ಅಲ್ಲಿಂದ ನಮ್ಮ ‘ಮೈತ್ರಿ’ ಕೇಂದ್ರ ಕೆಲವೇ ಕಿಲೋಮೀಟರ್. ಇನ್ನೊಂದು ಕೇಂದ್ರ ‘ಭಾರತಿ’ ಅಲ್ಲಿಂದ ಪೂರ್ವಕ್ಕೆ ಬಹಳ ದೂರ, ಲಾರ್ಸ್‌ಮನ್ ಗುಡ್ಡಗಳಲ್ಲಿದೆ. 2012ರಲ್ಲಿ ಶುರುವಾದ ಆ ಕಟ್ಟಡವನ್ನು ಕಟ್ಟಿರುವುದು 134 ಹಡಗು ಕಂಟೇನರ್‌ಗಳಿಂದ.

ವಿಮಾನದ ಗಳಿಕೆ ಸಮಯ. ಅದು ಕಳೆಯುವುದು ನಿಧಾನವಾಗಿ ಹೊಂದಿಕೊಳ್ಳುವ ಅವಕಾಶವನ್ನು. ಕೇಪ್‌ಟೌನ್‌ನ ಬೇಸಿಗೆಯ ಬಿಸಿಲಿನಲ್ಲಿ ಹತ್ತಿದವರು ಆರು ಗಂಟೆಯ ಆಸುಪಾಸಿನಲ್ಲಿ ಸೊನ್ನೆಗಿಂತ ಎಷ್ಟೋ ಡಿಗ್ರಿ ಕೆಳಗಿನ ಗಾಳಿಗೆ ಇಳಿಯಬೇಕು. ಹಾಗಾಗಿ ಧ್ರುವದ ಉಡುಪು ಕೈಗೆ ಸಿಗುವಂತೆ ಜೊತೆಯಲ್ಲೇ ಇರಬೇಕು. ಸರಕಿನೊಳಗೆ ಹೋದ ಪೆಟ್ಟಿಗೆಯಲ್ಲಿ ಅಲ್ಲ. ಇಳಿಯುವ ಮುನ್ನವೇ ಅದನ್ನು ತೊಟ್ಟುಕೊಳ್ಳುತ್ತಾರೆ. ಕಿಟಕಿಗಳು ಬೆರಳೆಣಿಕೆಯಷ್ಟಿರುವ, ಕಿವಿಗೆ ಬಿರಟೆ ಹಾಕಿಕೊಳ್ಳದೆ ಕೂರಲಾಗದಷ್ಟು ಸದ್ದಿನ ಹೊಟ್ಟೆಯೊಳಗೆ, ಮೊಣಕೈ ತಾಗಿಸಿಕೊಂಡು ಹತ್ತಾರು ಜನ ಎರಡೆರಡು ಪ್ಯಾಂಟು ಏರಿಸುವ ಆ ಹೊತ್ತಿನಲ್ಲಿಯೇ ಮೊದಲ ಪಾಠ ಆಗುತ್ತದೆ: ಬೇಗ ತೊಟ್ಟುಬಿಟ್ಟವರು ಬಾಗಿಲು ತೆರೆಯುವ ಹೊತ್ತಿಗೆ ಒಳಗೇ ಬೆವತಿರುತ್ತಾರೆ.

ಇನ್ನೊಂದು ಮಾತು. ಹವೆ ಒಪ್ಪದಿದ್ದರೆ ಆ ವಿಮಾನ ಹಾರುವುದಿಲ್ಲ. ಕೇಪ್‌ಟೌನ್‌ನಲ್ಲಿ ದಿನಗಟ್ಟಲೆ ಕಾಯುವುದು ಅಲ್ಲಿನವರಿಗೆ ಸುದ್ದಿಯೇ ಅಲ್ಲ. ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಿಂದ ಅಮೆರಿಕದ ಮೆಕ್‌ಮರ್ಡೊ ಕೇಂದ್ರಕ್ಕೆ ಹೋಗುವ ವಿಮಾನಗಳು ಅರ್ಧ ದಾರಿ ಹೋಗಿ ವಾಪಸು ಬರುವುದೂ ಉಂಟು. ಅದಕ್ಕೆ ಅವರು ಇಟ್ಟಿರುವ ಹೆಸರು ‘ಬೂಮರಾಂಗ್’. ಧ್ರುವಯಾತ್ರೆಗೆ ಹೊರಡುವವರು ಚಳಿಗಿಂತ ಮೊದಲು ರೂಢಿಸಿಕೊಳ್ಳಬೇಕಾದದ್ದು ಈ ಕಾಯುವಿಕೆಯನ್ನು.

ಇದಕ್ಕೂ ಹಿಂದಿನ ಹಂತಗಳಿವೆ. ಯಾತ್ರೆಗಳನ್ನು ನಡೆಸುವುದು ಗೋವಾದ ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಆಯ್ಕೆಯಾದವರಿಗೆ ಕಟ್ಟುನಿಟ್ಟಿನ ವೈದ್ಯಕೀಯ ತಪಾಸಣೆ, ಆಮೇಲೆ ಉತ್ತರಾಖಂಡದ ಔಲಿಯಲ್ಲಿ ಇಂಡೊ-ಟಿಬೆಟನ್ ಗಡಿ ಪೊಲೀಸರ ಪರ್ವತಾರೋಹಣ ಸಂಸ್ಥೆಯಲ್ಲಿ ತರಬೇತಿ. ಹಿಮದ ಮೇಲೆ ನಡೆಯುವುದು, ಡೇರೆ ಹಾಕುವುದು, ಹಿಮದ ಬಿರುಕಿಗೆ ಬಿದ್ದವರನ್ನು ಹಗ್ಗದಿಂದ ಮೇಲೆತ್ತುವುದು ಅಲ್ಲಿನ ಪಾಠಗಳು. ಧ್ರುವದ ಚಳಿಗೆ ತಕ್ಕ ಬಟ್ಟೆಯನ್ನು ಸರ್ಕಾರವೇ ಕೊಡುತ್ತದೆ. ಅಂಗಡಿಯಿಂದ ಯಾರೂ ಸ್ವಂತಕ್ಕೆ ಕೊಂಡು ತರಬೇಕಿಲ್ಲ. ಕೊಂಡು ತರುವ ಹುಮ್ಮಸ್ಸಿನವರು ಬಹಳ ಸಲ ಕೊಳ್ಳುವುದು ತಪ್ಪು ಬಟ್ಟೆಯನ್ನೇ.

ಈಗ ಬೆವರಿಗೆ ಬರೋಣ. ನಮ್ಮ ಮೈ ಸುಮ್ಮನೆ ಕುಳಿತಾಗಲೂ ಒಂದು ಹಳೇ ಕಾಲದ 100 ವಾಟ್ ಬಲ್ಬಿನಷ್ಟು ಶಾಖ ಹೊರಬಿಡುತ್ತಿರುತ್ತದೆ. ಹಿಮ ಅಗೆಯುವಾಗ, ಹಿಮದ ಮೇಲೆ ಜಾರುವ ಸರಕುಗಾಡಿಯಾದ ಸ್ಲೆಡ್ಜ್ ಎಳೆಯುವಾಗ ಅದು ಐದಾರು ಪಟ್ಟು ಏರುತ್ತದೆ. ಬಟ್ಟೆ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ. ಮೈಯಿಂದ ಹೊರಡುವ ಶಾಖ ಎಷ್ಟು ಬೇಗ ಸೋರಿಹೋಗಬೇಕು ಎಂಬುದನ್ನಷ್ಟೇ ಅದು ತೀರ್ಮಾನಿಸುತ್ತದೆ. ಶಾಖದ ಉತ್ಪಾದನೆ ಮೂರು ಪಟ್ಟಾದರೆ ಅದೇ ಚಳಿಯಲ್ಲಿ ಬೇಕಾಗುವ ರಕ್ಷಣೆ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ನಿಂತುಕೊಂಡು ಉಪಕರಣದ ಅಂಕಿ ಬರೆದುಕೊಳ್ಳುವವರಿಗೆ ಸರಿಯಾದ ಉಡುಪು, ಪಕ್ಕದಲ್ಲೇ ಗುಂಡಿ ತೋಡುವವರನ್ನು ಹತ್ತೇ ನಿಮಿಷದಲ್ಲಿ ತೋಯಿಸಿಬಿಡುತ್ತದೆ. ಎಲ್ಲ ಕೆಲಸಕ್ಕೂ ಒಗ್ಗುವ ಒಂದು ಉಡುಪು ಇಲ್ಲವೇ ಇಲ್ಲ.

ತೋಯ್ದರೇನು? ಬೆಂಗಳೂರಿನಲ್ಲಿ ಏನೂ ಇಲ್ಲ, ಆರುತ್ತದೆ. ಅಲ್ಲಿ ಎರಡು ಕಡೆಯಿಂದ ಹೊಡೆತ. ಬಟ್ಟೆ ಬೆಚ್ಚಗಿಡುವುದು ತನ್ನ ಎಳೆಗಳ ನಡುವೆ ಗಾಳಿಯನ್ನು ಅಲ್ಲಾಡದಂತೆ ಹಿಡಿದಿಡುವುದರಿಂದ. ಆ ಗಾಳಿಯ ಜಾಗಕ್ಕೆ ನೀರು ಬಂತೆಂದರೆ, ನೀರು ಗಾಳಿಗಿಂತ ಸುಮಾರು 25 ಪಟ್ಟು ಚುರುಕಾಗಿ ಶಾಖವನ್ನು ದಾಟಿಸುತ್ತದೆ. ಎರಡನೆಯದಾಗಿ, ಒಂದು ಲೀಟರ್ ಬೆವರು ಆವಿಯಾಗಿ ಹೋಗಲು ಮೈಯಿಂದ 580 ಕಿಲೋಕ್ಯಾಲರಿಯಷ್ಟು ಶಾಖವನ್ನು ಕಿತ್ತುಕೊಳ್ಳುತ್ತದೆ. ದುಡಿಯುವಾಗ ಈ ನಷ್ಟ ಗೊತ್ತಾಗುವುದಿಲ್ಲ. ಕೆಲಸ ನಿಲ್ಲಿಸಿ ಚಹಾ ಕುಡಿಯಲು ಕೂತ ಗಳಿಗೆಯಿಂದ ಶಾಖದ ಉತ್ಪಾದನೆ ಬಿದ್ದುಹೋಗುತ್ತದೆ, ಬೆವರು ಮಾತ್ರ ಬಟ್ಟೆಯಲ್ಲೇ ಉಳಿದಿರುತ್ತದೆ. ಇನ್ನಷ್ಟು ಚಳಿ ಇದ್ದರೆ ಅದು ಹೊರಪದರ ತಲುಪುವ ಹೊತ್ತಿಗೆ ಮಂಜುಗಡ್ಡೆಯಾಗಿ ಅಲ್ಲೇ ಕೂರುತ್ತದೆ.

ಇದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ 1911ರ ಒಂದು ಯಾತ್ರೆಗಿಂತ ಬೇರೆ ಸಾಕ್ಷಿ ಬೇಡ. ದಕ್ಷಿಣ ಧ್ರುವವನ್ನು ಮೊದಲು ಮುಟ್ಟಲು ಹೊರಟಿದ್ದ ಬ್ರಿಟನ್ನಿನ ಕ್ಯಾಪ್ಟನ್ ಸ್ಕಾಟ್‌ನ ತಂಡದ ಮೂವರು, ಅಂದರೆ ಎಡ್ವರ್ಡ್ ವಿಲ್ಸನ್, ಹೆನ್ರಿ ಬವರ್ಸ್ ಮತ್ತು 25 ವರ್ಷದ ಆಪ್ಸ್ಲಿ ಚೆರ್ರಿ-ಗರಾರ್ಡ್, ಜೂನ್ ಕೊನೆಯಲ್ಲಿ ಕೇಪ್ ಕ್ರೋಜ಼ಿಯರ್ ಎಂಬಲ್ಲಿಗೆ ಹೊರಟರು. ಅಲ್ಲಿ ಅದು ನಡುಚಳಿಗಾಲ, ಹಗಲೆಂಬುದೇ ಇಲ್ಲ. ಎಂಪರರ್ ಪೆಂಗ್ವಿನ್‌ಗಳು ಮೊಟ್ಟೆಗೆ ಕಾವು ಕೊಡುವುದು ಆಗ ಮಾತ್ರ, ಅವರಿಗೆ ಬೇಕಾಗಿದ್ದದ್ದು ಆ ಮೊಟ್ಟೆಗಳು. ಹೋಗಲು ನೂರು ಕಿಲೋಮೀಟರ್ ಚಿಲ್ಲರೆ, ಎರಡು ಸ್ಲೆಡ್ಜ್‌ಗಳನ್ನು ತಾವೇ ಎಳೆಯಬೇಕು. ಜುಲೈ 6ರಂದು ತಾಪಮಾನ ಮೈನಸ್ 60.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಿತು. ಚಳಿಯಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದರು. ಎಳೆಯುವ ದುಡಿಮೆಗೆ ಬಂದ ಬೆವರು ಆವಿಯಾಗಿ ಹೊರಹೋಗದೆ ಬಟ್ಟೆಯಲ್ಲೇ ಹೆಪ್ಪುಗಟ್ಟಿತು. ಒಂದು ಬೆಳಿಗ್ಗೆ ಚೆರ್ರಿ-ಗರಾರ್ಡ್ ಡೇರೆಯಿಂದ ಹೊರಬಂದು ತಲೆ ಎತ್ತಿ ಸುತ್ತ ನೋಡಿದ. ಅಷ್ಟರಲ್ಲಿ, ಅವನ ಅಂದಾಜಿನಂತೆ ಕಾಲು ನಿಮಿಷದಲ್ಲಿ, ಬಟ್ಟೆ ಮರಗಟ್ಟಿ ಕತ್ತು ಇಳಿಸಲಾಗದಂತಾಯಿತು. ನಾಲ್ಕು ಗಂಟೆ ಹೊತ್ತು ತಲೆ ಮೇಲೆತ್ತಿಕೊಂಡೇ ಸ್ಲೆಡ್ಜ್ ಎಳೆದ. ಅಂದಿನಿಂದ ಮೂವರೂ ಹೊರಬಂದ ಕೂಡಲೇ ಎಳೆಯುವ ಭಂಗಿಗೆ ಬಾಗಿ ನಿಲ್ಲುವುದನ್ನು ರೂಢಿಮಾಡಿಕೊಂಡರು. ಹೆಪ್ಪುಗಟ್ಟುವುದಂತೂ ತಪ್ಪದು, ಬೇಕಾದ ಆಕಾರದಲ್ಲಾದರೂ ಗಟ್ಟಲಿ ಎಂದು. ಐದು ವಾರದ ಮೇಲೆ, ಮೂರು ಮೊಟ್ಟೆಗಳೊಂದಿಗೆ ಜೀವಂತವಾಗಿ ಮರಳಿದರು. ಅವರು ಮಲಗುತ್ತಿದ್ದ ಜಿಂಕೆಚರ್ಮದ ಚೀಲಗಳು ಬೆವರು ಮತ್ತು ಉಸಿರಿನ ಮಂಜು ಕುಡಿದು ಹೊರಟಾಗಿನ ತೂಕದ ದುಪ್ಪಟ್ಟನ್ನೂ ಮೀರಿದ್ದವು.

ಅದೇ ವರ್ಷ ಡಿಸೆಂಬರ್ 14ರಂದು ದಕ್ಷಿಣ ಧ್ರುವ ಮುಟ್ಟಿದ ನಾರ್ವೆಯ ಅಮುಂಡ್‌ಸೆನ್ ತುಪ್ಪಳದ ಉಡುಪು ನೆಚ್ಚಿಕೊಂಡಿದ್ದ, ಸ್ಕಾಟ್ ಉಣ್ಣೆ ಮತ್ತು ಬಿಗಿನೇಯ್ಗೆಯ ಹತ್ತಿಬಟ್ಟೆ ನೆಚ್ಚಿಕೊಂಡು ಸೋತ ಎಂದು ಸರಳವಾಗಿ ಹೇಳುವುದುಂಟು. ನನಗೆ ಈ ತೀರ್ಪು ಅರ್ಧವೇ ಸರಿ ಎನಿಸುತ್ತದೆ. ಅಮುಂಡ್‌ಸೆನ್ 1903ರಿಂದ 1905ರವರೆಗೆ ಉತ್ತರ ಕೆನಡಾದಲ್ಲಿ ನೆಟ್ಸಿಲಿಕ್ ಇನುಯಿಟ್ ಜನರ ನೆರೆಯಲ್ಲಿದ್ದು ಅವರಿಂದ ಕಲಿತ. ಅವರ ಕ್ಯಾರಿಬೂ ಎಂಬ ಜಿಂಕೆಯ ಚರ್ಮದ ಅಂಗಿ ಎರಡು ಪದರದ್ದು: ಒಳಗಿನದರ ರೋಮ ಮೈ ಕಡೆಗೆ, ಹೊರಗಿನದರ ರೋಮ ಹೊರಗಡೆಗೆ. ಆ ರೋಮ ಒಳಗೆ ಟೊಳ್ಳು, ಗಾಳಿ ತುಂಬಿಕೊಂಡಿರುತ್ತದೆ. ಅಂಗಿ ಎಲ್ಲಿಯೂ ಮೈಗೆ ಬಿಗಿಯಿಲ್ಲ. ಸೆಕೆ ಎನಿಸಿದರೆ ಕತ್ತಿನ ಕಡೆ ಸಡಿಲಿಸಿದರೆ ಸಾಕು, ಬೆಚ್ಚನೆಯ ತೇವದ ಗಾಳಿ ತಾನೇ ಮೇಲೇರಿ ಹೊರಹೋಗುತ್ತದೆ. ಅಂಥದ್ದನ್ನು ತೊಟ್ಟವನಿಗೆ ಬೆವರದಷ್ಟು ನಿಧಾನದ ಕೆಲಸ ಇರಬೇಕು. ಅಮುಂಡ್‌ಸೆನ್‌ನ ಸ್ಲೆಡ್ಜ್ ಎಳೆದದ್ದು ನಾಯಿಗಳು. ಸ್ಕಾಟ್‌ನ ಜನ ಬಹುಪಾಲು ದಾರಿ ತಾವೇ ಎತ್ತುಗಳಾಗಿ ಎಳೆದರು. ಆ ದುಡಿಮೆಗೆ ತುಪ್ಪಳ ತೊಟ್ಟಿದ್ದರೆ ಇನ್ನೂ ಬೇಗ ತೋಯ್ದು ಹೋಗುತ್ತಿದ್ದರು. ತಪ್ಪು ಬಟ್ಟೆಯಲ್ಲಿದ್ದುದಕ್ಕಿಂತ, ಮನುಷ್ಯನೇ ಎಳೆಯಬೇಕೆಂದು ಹಾಕಿಕೊಂಡ ಯೋಜನೆಯಲ್ಲಿತ್ತು.

ಇವತ್ತಿನ ಉಡುಪು ಇವೆರಡರಿಂದಲೂ ಪಾಠ ಕಲಿತಿದೆ. ಒಂದು ದಪ್ಪ ಪದರದ ಬದಲು ತೆಳುವಾದ ಹಲವು ಪದರ, ಬೇಕಾದಾಗ ಒಂದೊಂದನ್ನೇ ತೆಗೆಯಲು. ಮೈಗಂಟಿದ ಮೊದಲ ಪದರದ ಕೆಲಸ ಬೆಚ್ಚಗಿಡುವುದಲ್ಲ, ಬೆವರನ್ನು ಚರ್ಮದಿಂದ ಆಚೆಗೆ ಎಳೆಯುವುದು. ಅದಕ್ಕೆ ಮೆರಿನೊ ಉಣ್ಣೆಯೋ ಪಾಲಿಯೆಸ್ಟರೋ ಆಗಬೇಕು. ನಮಗೆ ಪ್ರಿಯವಾದ ಹತ್ತಿಯ ಬನಿಯನ್, ಒಳಉಡುಪು, ಜೀನ್ಸ್ ಮೊದಲೇ ಬೇಡ. ಹತ್ತಿ ನೀರನ್ನು ಹೀರಿ ಹಾಗೇ ಹಿಡಿದುಕೊಳ್ಳುತ್ತದೆ. ಉಣ್ಣೆಯೂ ಹೀರುತ್ತದೆ, ತನ್ನ ತೂಕದ ಮೂರರಲ್ಲಿ ಒಂದರಷ್ಟು ತೇವವನ್ನು ಎಳೆಯೊಳಗೆ ಬಚ್ಚಿಟ್ಟುಕೊಂಡರೂ ಹೊರಗೆ ಒದ್ದೆ ಎನಿಸುವುದಿಲ್ಲ. ಎಳೆಯ ಗುಂಗುರು ಕುಸಿಯದೆ ಗಾಳಿಯನ್ನು ಹಿಡಿದೇ ಇರುತ್ತದೆ. ಮಲೆನಾಡಿನ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು ನಾಟಿಗೆ ಇಳಿಯುತ್ತಿದ್ದವರಿಗೆ ಈ ವಿಜ್ಞಾನವನ್ನು ಬೇರೆ ಹೇಳಬೇಕಿಲ್ಲ. ನೆನೆದು ಭಾರವಾದ ಕಂಬಳಿಯ ಅಡಿಯಲ್ಲೂ ಬೆನ್ನು ಬೆಚ್ಚಗಿರುತ್ತಿತ್ತು.

ಎರಡನೆಯ ಪದರ ಫ್ಲೀಸ್ ಅಥವಾ ಉಣ್ಣೆ. ಚಳಿಗೆ ತಕ್ಕಂತೆ ಒಂದೋ ಎರಡೋ. ಮೂರನೆಯದು ಗಾಳಿ ತಡೆಯುವ ತೆಳುವಾದ ಹೊರಕವಚ. ಇವೆಲ್ಲದರ ಮೇಲೆ ಬಾತುಕೋಳಿಯ ಮೃದುಪುಕ್ಕ ತುಂಬಿದ ಆ ಫೋಟೊದ ದಪ್ಪ ಕೋಟು. ಅದು ನಿಂತಾಗ, ಕೂತಾಗ, ವಾಹನ ಕೆಟ್ಟಾಗ, ಬಿರುಗಾಳಿ ಎದ್ದಾಗ ತೊಡುವುದಕ್ಕೆ. ಪುಕ್ಕದಷ್ಟು ಹಗುರವಾಗಿ ಬೆಚ್ಚಗಿಡುವ ವಸ್ತು ಇನ್ನೊಂದಿಲ್ಲ, ಆದರೆ ಒದ್ದೆಯಾದರೆ ಮುದ್ದೆಯಾಗಿ ಕೈಬಿಡುವ ವಸ್ತುವೂ ಅದೇ. ಆದ್ದರಿಂದಲೇ ಅದನ್ನು ಕೆಲಸದ ಹೊತ್ತಿನಲ್ಲಿ ಚೀಲದಲ್ಲಿಟ್ಟು, ಕೆಲಸ ನಿಲ್ಲಿಸಿದ ಕೂಡಲೇ, ಚಳಿ ಅನ್ನಿಸುವುದಕ್ಕೂ ಮುಂಚೆ, ಮೇಲೆ ಎಳೆದುಕೊಳ್ಳುತ್ತಾರೆ. ಹೊರಗೆ ಹೊರಡುವಾಗ ಕೊಂಚ ಚಳಿ ಅನ್ನಿಸುತ್ತಿದ್ದರೆ ಉಡುಪು ಸರಿಯಾಗಿದೆ ಎಂದು ಲೆಕ್ಕ. ಬಾಗಿಲಲ್ಲೇ ಹಿತವಾಗಿ ಬೆಚ್ಚಗಿದ್ದವರು ಹದಿನೈದು ನಿಮಿಷದಲ್ಲಿ ಬೆವರುತ್ತಾರೆ.

ಗಾಳಿಯ ಮಾತು ಬಂತು. ಅಂಟಾರ್ಕ್ಟಿಕಾದ ಗಾಳಿ ಬರುವುದು ಖಂಡದ ನಡುವಿನ ಎತ್ತರದಿಂದ. ಹಿಮದ ಮೇಲೆ ತಣಿದು ಭಾರವಾದ ಗಾಳಿ ಇಳಿಜಾರಿನುದ್ದಕ್ಕೂ ನೀರಿನಂತೆ ಕರಾವಳಿಗೆ ಹರಿಯುತ್ತದೆ. ಈ ಗಾಳಿ ಮೈಮೇಲೆ ಏನು ಮಾಡುತ್ತದೆಂದು ಅಳೆಯುವ ಕೆಲಸ ಶುರುವಾದದ್ದೂ ಅಲ್ಲೇ. 1940ರ ದಶಕದ ಆರಂಭದಲ್ಲಿ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬಿಬ್ಬರು ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ತುಂಬಿ, ಬೇರೆಬೇರೆ ವೇಗದ ಗಾಳಿಯಲ್ಲಿ ಅದು ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ನೋಡಿದರು. ಹವಾಮಾನ ವರದಿಗಳಲ್ಲಿ ಬರುವ ‘ವಿಂಡ್ ಚಿಲ್’ ಲೆಕ್ಕದ ಮೂಲ ಇದು. ಈಗ ಬಳಕೆಯಲ್ಲಿರುವುದು 2001ರಲ್ಲಿ ತಿದ್ದಿದ ಸೂತ್ರ. ಅದರ ಪ್ರಕಾರ ಮೈನಸ್ 20 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ಬರಿಮುಖಕ್ಕೆ ಮೈನಸ್ 33ರಷ್ಟು ಚಳಿ. ಮೈನಸ್ 30ರಲ್ಲಿ 50 ಕಿಲೋಮೀಟರ್ ವೇಗವಾದರೆ ಮೈನಸ್ 49. ಆ ಮಟ್ಟದಲ್ಲಿ ಮುಚ್ಚದ ಚರ್ಮ ಹೆಪ್ಪುಗಟ್ಟಲು ಐದು ನಿಮಿಷವೂ ಬೇಡ. ಇದು ಜೀವವಿರುವ ಬೆಚ್ಚನೆಯ ಮೈಗೆ ಮಾತ್ರ ಅನ್ವಯಿಸುವ ಅಂಕಿ. ಹೊರಗೆ ನಿಲ್ಲಿಸಿದ ಟ್ರ್ಯಾಕ್ಟರ್ ಗಾಳಿ ಎಷ್ಟೇ ಬೀಸಲಿ ಮೈನಸ್ 30ಕ್ಕಿಂತ ಕೆಳಗಿಳಿಯದು, ಅಲ್ಲಿಗೆ ಬೇಗ ಇಳಿಯುತ್ತದೆ ಅಷ್ಟೇ.

ಚಳಿ ಹೆಚ್ಚಾದಾಗ ಮೈ ಹೃದಯ, ಮಿದುಳುಗಳನ್ನು ಉಳಿಸಿಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ಕಿರಿದುಮಾಡುತ್ತದೆ. ಮೊದಲು ಬಲಿಯಾಗುವುದು ಬೆರಳುಗಳು. ಕೈಗೆ ತೆಳುವಾದ ಒಳಗವಸು, ಅದರ ಮೇಲೆ ನಾಲ್ಕು ಬೆರಳೂ ಒಟ್ಟಿಗಿರುವ ದಪ್ಪ ಮಿಟನ್. ಬೆರಳುಗಳು ಒಂದಕ್ಕೊಂದು ಬಿಸಿ ಕೊಡುತ್ತವೆ ಎಂಬುದರಿಂದ ಮಿಟನ್ನಿಗೆ ಬೆರಳುಬೆರಳಾಗಿ ಬಿಡಿಸಿದ ಗ್ಲೌಸ್ ಸಾಟಿಯಲ್ಲ. ಮಿಟನ್‌ಗಳಿಗೆ ದಾರ ಕಟ್ಟಿ ಮಕ್ಕಳಂತೆ ಕೊರಳಿಗೆ ನೇತುಹಾಕಿಕೊಳ್ಳುತ್ತಾರೆ. ಬಿರುಗಾಳಿಯಲ್ಲಿ ಕಳಚಿ ಹಾರಿಹೋದ ಒಂದು ಮಿಟನ್ ಐದು ಬೆರಳಿನ ಬೆಲೆ ಎಂದು ಗೊತ್ತಿದ್ದವರು ಇದಕ್ಕೆ ನಾಚುವುದಿಲ್ಲ.

ಕಾಲಿನ ವಿಷಯದಲ್ಲಿ ನಮ್ಮ ಸಹಜ ಬುದ್ಧಿ ಎಡವುತ್ತದೆ. ಚಳಿ ಎಂದು ಮೂರು ಜೊತೆ ಕಾಲುಚೀಲ ಏರಿಸಿ, ಬೂಟಿನೊಳಗೆ ಪಾದವನ್ನು ತುರುಕಿದರೆ ಎಳೆಗಳ ನಡುವಿನ ಗಾಳಿ ಹಿಂಡಿಹೋಗುತ್ತದೆ, ರಕ್ತ ಓಡಾಡಲು ಜಾಗವಿರುವುದಿಲ್ಲ. ಬೂಟು ಒಂದೆರಡು ಅಳತೆ ದೊಡ್ಡದಿರಬೇಕು, ಒಳಗೆ ಬೆರಳು ಆಡಿಸಲು ಬರಬೇಕು. ಒಳಗಿನ ಉಣ್ಣೆಯ ಒತ್ತುಪದರ ಬೇರೆಯಾಗಿ ಹೊರಬರುವಂಥದ್ದಾಗಿರಬೇಕು. ದಿನವಿಡೀ ಪಾದ ಬಿಟ್ಟ ಬೆವರು ಅದರಲ್ಲೇ ಇರುವುದರಿಂದ ಪ್ರತಿ ಸಂಜೆ ಅದನ್ನು ಎಳೆದು ಒಣಹಾಕಬೇಕು. ಒಂದು ದಿನ ಸೋಮಾರಿತನ ಮಾಡಿದರೆ ಮರುದಿನ ಕಾಲಿಡುವುದು ಮಂಜುಗಡ್ಡೆಯೊಳಗೆ.

ತಲೆಯಿಂದ ಮೈಯ ಅರ್ಧ ಶಾಖ ಹೋಗುತ್ತದೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಮೈಯೆಲ್ಲ ಮುಚ್ಚಿ ತಲೆಯೊಂದನ್ನೇ ತೆರೆದಿಟ್ಟು ಅಳೆದರೆ ಶಾಖ ತಲೆಯಿಂದಲೇ ಹೋಗುವುದು ಸಹಜವಲ್ಲವೇ? ಮೈಯ ಹರವಿನಲ್ಲಿ ತಲೆಯ ಪಾಲು ಹತ್ತರಲ್ಲಿ ಒಂದರಷ್ಟು, ಶಾಖನಷ್ಟದಲ್ಲೂ ಸುಮಾರು ಅಷ್ಟೇ. ಹಾಗಂತ ಟೋಪಿ ಬೇಡವೆಂದಲ್ಲ. ತಲೆಗೆ ರಕ್ತ ಎಂದೂ ಕಡಿಮೆಯಾಗುವುದಿಲ್ಲವಾದ್ದರಿಂದ ಟೋಪಿ ಬೆವರು ನಿಯಂತ್ರಣಕ್ಕೆ ಅತಿ ಸುಲಭದ ಸಾಧನ: ಸೆಕೆ ಎನಿಸಿದರೆ ಕೋಟು ಬಿಚ್ಚುವ ಮೊದಲು ಟೋಪಿ ಮೇಲೆ ಸರಿಸಿ ನೋಡುತ್ತಾರೆ.

ಅಲ್ಲಿ ಕೆಲಸ ಎಂದರೆ ಏನೆಂದು ಹತ್ತಿರದಿಂದ ನೋಡಿದರೆ ಈ ಕಷ್ಟ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹಿಮದಲ್ಲಿ ಬೆರೆತಿರುವ ಲವಲೇಶ ಧೂಳು, ಲೋಹಗಳನ್ನು ಅಳೆಯಲು ಮಾದರಿ ತೆಗೆಯುವವರನ್ನು ಗಮನಿಸಿ. ಎದೆಯುದ್ದದ ಗುಂಡಿ ತೋಡಬೇಕು, ಅದು ಬೆವರಿನ ಕೆಲಸ. ಆಮೇಲೆ ಕೋಟಿನ ನೂಲು, ಮೈಯ ಧೂಳು ಹಿಮಕ್ಕೆ ಬೀಳದಂತೆ ಎಲ್ಲದರ ಮೇಲೆ ಬಿಳಿಯ ಶುದ್ಧಕವಚ ತೊಡಬೇಕು, ಮಿಟನ್ ಬಿಟ್ಟು ತೆಳು ಪ್ಲಾಸ್ಟಿಕ್ ಗವಸು ಹಾಕಬೇಕು. ಗೋಡೆಯನ್ನು ಹೆರೆದು, ಅಳತೆ ಇಟ್ಟು, ಒಂದೊಂದು ಪುಟ್ಟ ಬಾಟಲಿಗೆ ಒಂದೊಂದು ಪದರದ ಹಿಮ ತುಂಬುತ್ತಾ ಗಂಟೆಗಟ್ಟಲೆ ಅಲುಗಾಡದೆ ನಿಲ್ಲಬೇಕು. ಬೆವರಿನ ಕೆಲಸದ ಬೆನ್ನಿಗೇ ಅಲುಗಾಡದ ಕೆಲಸ. ಗುಂಡಿ ತೋಡಿದ ಕೂಡಲೇ ಒಳಗಿನ ಪದರ ಬದಲಿಸಿ ಒಣಗಿದ್ದನ್ನು ತೊಡುವವರು ಸಂಜೆವರೆಗೆ ತಾಳುತ್ತಾರೆ. ಮೈನಸ್ 20ರಲ್ಲಿ ಅಂಗಿ ಬಿಚ್ಚುವ ಅರ್ಧ ನಿಮಿಷಕ್ಕೆ ಹೆದರಿ ಒದ್ದೆಯಲ್ಲೇ ಮುಂದುವರಿದವರು ಮಧ್ಯಾಹ್ನಕ್ಕೇ ನಡುಗತೊಡಗುತ್ತಾರೆ. ಬರೆದುಕೊಳ್ಳಲು ಪೆನ್ಸಿಲ್ ಬೇಕು, ಬಾಲ್‌ಪೆನ್ನಿನ ಶಾಯಿ ಗಟ್ಟಿಯಾಗುತ್ತದೆ. ಕ್ಯಾಮೆರಾ, ಜಿಪಿಎಸ್ ಬ್ಯಾಟರಿಗಳು ಎದೆಯ ಒಳಜೇಬಿನಲ್ಲಿ ಇರಬೇಕು. ತಣ್ಣಗಾದ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟದೆ ಒಳಗೆ ತಂದರೆ ಕೋಣೆಯ ತೇವವೆಲ್ಲ ಅದರ ಮೇಲೆ ನೀರಾಗಿ ಇಳಿಯುತ್ತದೆ. ಲೋಹವನ್ನು ಬರಿಗೈಲಿ ಮುಟ್ಟುವಂತಿಲ್ಲ, ಕಿವಿಯೋಲೆ ಬಿಚ್ಚಿಡುವುದು ಮೇಲು.

ಬಿಸಿಲೂ ಇದೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಹೊಸ ಹಿಮ ತನ್ನ ಮೇಲೆ ಬಿದ್ದ ನೇರಳಾತೀತ ಕಿರಣದ ಶೇಕಡ 80ಕ್ಕೂ ಹೆಚ್ಚನ್ನು ಮರಳಿ ಎಸೆಯುತ್ತದೆ. ಸುಡುವುದು ಗದ್ದದ ಅಡಿ, ಮೂಗಿನ ಹೊಳ್ಳೆಯ ಒಳಗೆ. ಕನ್ನಡಕವಿಲ್ಲದೆ ಕೆಲವು ಗಂಟೆ ಕಳೆದರೆ ರಾತ್ರಿ ಕಣ್ಣಿಗೆ ಮರಳು ಸುರಿದಂಥ ಉರಿ.

ಹೆಣ್ಣುಮಕ್ಕಳ ವಿಷಯಕ್ಕೆ ಎರಡು ಮಾತು ಹೇಳಲೇಬೇಕು. 1983-84ರ ಮೂರನೆಯ ಯಾತ್ರೆಯಲ್ಲಿ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ, ಸಾಗರವಿಜ್ಞಾನಿ ಅದಿತಿ ಪಂತ್ ಹೋದಂದಿನಿಂದ ನಮ್ಮ ಮಹಿಳೆಯರು ಅಲ್ಲಿ ದುಡಿಯುತ್ತಿದ್ದಾರೆ. ಲೋಕದಲ್ಲೆಲ್ಲ ಧ್ರುವದ ಉಡುಪು ಬಹುಕಾಲ ಗಂಡಸಿನ ಮೈಯಳತೆಗೇ ಹೊಲಿದದ್ದು. ಭುಜ ಜೋಲುವ, ಸೊಂಟ ಬಿಗಿಯುವ ಕೋಟಿನಲ್ಲಿ ಗಾಳಿ ನುಗ್ಗುತ್ತದೆ. ಅದು ಅಂದಚೆಂದದ ಮಾತಲ್ಲ, ಶಾಖದ ಮಾತು. ಹೊರಗಿದ್ದಾಗ ಮೂತ್ರಕ್ಕೆ ಹೋಗಲು ನಾಲ್ಕು ಪದರ ಇಳಿಸಬೇಕೆಂದರೆ ಮನುಷ್ಯರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಅಂಟಾರ್ಕ್ಟಿಕಾದ ಗಾಳಿ ಮರುಭೂಮಿಯಷ್ಟು ಒಣ, ಪ್ರತಿ ಉಸಿರಿಗೂ ನೀರು ಹೋಗುತ್ತದೆ. ನೀರು ಕಡಿಮೆಯಾದ ಮೈಗೆ ಚಳಿ ಬೇಗ ತಟ್ಟುತ್ತದೆ. ಬದಿಯಲ್ಲಿ ಉದ್ದಕ್ಕೂ ತೆರೆಯುವ ಜಿಪ್ಪು, ನಿಂತೇ ಬಳಸಬಹುದಾದ ಆಲಿಕೆ, ಗುರುತು ಹಾಕಿದ ಬಾಟಲಿ ಇವೆಲ್ಲ ಸುರಕ್ಷತಾ ಸಾಧನಗಳೆಂದೇ ಪಟ್ಟಿಯಲ್ಲಿ ಬರಬೇಕು. ಸಂಕೋಚದ ವಿಷಯವೆಂದು ತಳ್ಳಿಹಾಕುವ ತರಬೇತಿ ಅರ್ಧ ತರಬೇತಿ.

ಚರ್ಮ ಹೆಪ್ಪುಗಟ್ಟುವ ಫ್ರಾಸ್ಟ್‌ಬೈಟ್ ತಗುಲಿದವರಿಗೆ ಮೊದಲು ಗೊತ್ತಾಗುವುದಿಲ್ಲ, ಆ ಜಾಗ ಮರಗಟ್ಟಿರುತ್ತದೆ. ಆದ್ದರಿಂದ ಇಬ್ಬಿಬ್ಬರಾಗಿ ಕೆಲಸ ಮಾಡುತ್ತಾ ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಾರೆ. ಕೆನ್ನೆಯಲ್ಲೋ ಮೂಗಿನ ತುದಿಯಲ್ಲೋ ಮೇಣದಂಥ ಬಿಳಿ ಕಲೆ ಕಂಡರೆ “ಕೆನ್ನೆ ಬೆಳ್ಳಗಾಗಿದೆ, ಮುಚ್ಕೊಳ್ಳಿ” ಎಂದು ತಕ್ಷಣ ಹೇಳಬೇಕು. ಬೆಚ್ಚನೆಯ ಅಂಗೈ ಒತ್ತಿಹಿಡಿಯಬೇಕು, ಉಜ್ಜಬಾರದು. ಹಿಮದಿಂದ ಉಜ್ಜಬೇಕೆಂಬ ಮದ್ದು ನೆಪೋಲಿಯನ್‌ನ ಸೇನೆಯ ವೈದ್ಯ ಲಾರೆಯ ಕಾಲದಿಂದ ಹರಡಿ ಎಷ್ಟೋ ಬೆರಳುಗಳನ್ನು ನುಂಗಿತು. ಆಳವಾಗಿ ಹೆಪ್ಪುಗಟ್ಟಿದ್ದರೆ 37ರಿಂದ 39 ಡಿಗ್ರಿಯ ನೀರಿನಲ್ಲಿಟ್ಟು ಕರಗಿಸಬೇಕು, ಅದೂ ಮತ್ತೆ ಹೆಪ್ಪುಗಟ್ಟುವುದಿಲ್ಲ ಎಂಬ ಖಾತ್ರಿ ಇದ್ದಾಗ ಮಾತ್ರ. ಇನ್ನು ಮೈಯ ಒಳಗಿನ ತಾಪ 35 ಡಿಗ್ರಿಗಿಂತ ಕೆಳಗಿಳಿದರೆ ಮಾತು ತೊದಲುತ್ತದೆ, ಕೈ ತಪ್ಪುತ್ತದೆ, ಬುದ್ಧಿ ಮಂಕಾಗುತ್ತದೆ. ಕೊನೆಯ ಹಂತದಲ್ಲಿ ಕೆಲವರು ಸೆಕೆ ಎಂದು ಬಟ್ಟೆ ಕಿತ್ತೆಸೆಯುವುದೂ ಇದೆ. ಒಂದು ಗುಟುಕು ರಮ್ ಕುಡಿದರೆ ಬೆಚ್ಚಗಾಗುತ್ತದೆ ಎನ್ನುವವರು ತಿಳಿಯಬೇಕಾದದ್ದು: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನೇ ಹೊರಗೆ ಕಳಿಸುತ್ತದೆ. ಬೆಚ್ಚಗೆ ಅನ್ನಿಸುವುದು ಆ ಸೋರಿಕೆಯೇ.

ಉತ್ತರ ಧ್ರುವದ ಕಡೆಯ ಚಿತ್ರ ಕೊಂಚ ಬೇರೆ. ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ನೀ-ಓಲೆಸುಂಡ್‌ನಲ್ಲಿ, ಉತ್ತರ ಧ್ರುವದಿಂದ ಸುಮಾರು 1,200 ಕಿಲೋಮೀಟರ್ ದೂರದಲ್ಲಿ, 2008ರಿಂದ ಭಾರತದ ‘ಹಿಮಾದ್ರಿ’ ಕೇಂದ್ರವಿದೆ. ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡ, ಆದರೆ ನಾರ್ವೆ ಹಾದೇ ಹೋಗಿಬರಬೇಕಾದ್ದರಿಂದ ಎರಡು ಸಲ ಒಳಬರಲು ಬಿಡುವ ಷೆಂಗೆನ್ ವೀಸಾ ಬೇಕು. ಕೊನೆಯ ಹಾದಿ ಹತ್ತಾರು ಸೀಟಿನ ಪುಟ್ಟ ವಿಮಾನದಲ್ಲಿ. ಸಾಮಾನಿನ ತೂಕಕ್ಕೆ ಬಿಗಿ ಮಿತಿ ಇರುವುದರಿಂದ ಬಟ್ಟೆಯೋ ಉಪಕರಣವೋ ಎಂಬ ಪ್ರಶ್ನೆ ಏಳುತ್ತದೆ. ಊರಾಚೆ ಹೋಗಲು ಬಂದೂಕು ತರಬೇತಿ ಬೇಕು, ಹಿಮಕರಡಿಗಳಿವೆ. ವೈಫೈ, ಬ್ಲೂಟೂತ್ ಅಲ್ಲಿ ನಿಷಿದ್ಧ. ಭೂಮಿಯ ಅಲುಗಾಟ ಅಳೆಯುವ ರೇಡಿಯೊ ದೂರದರ್ಶಕಕ್ಕೆ ತೊಂದರೆಯಾಗಬಾರದೆಂದು. 2023ರ ಡಿಸೆಂಬರ್‌ನಲ್ಲಿ ಭಾರತದ ಮೊದಲ ಚಳಿಗಾಲದ ತಂಡ ಅಲ್ಲಿಗೆ ಹೋದಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ವಿಶ್ವದ ಎಳೆಯ ದಿನಗಳಿಂದ ಬರುವ ಅತಿ ಕ್ಷೀಣ ರೇಡಿಯೊ ಸಂಕೇತವನ್ನು ಹಿಡಿಯಲು ಆ ಜಾಗ ಎಷ್ಟು ಪ್ರಶಾಂತ ಎಂದು ಅಳೆಯುವುದು ಅವರ ಕೆಲಸ. ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಅಲ್ಲಿ ಸೂರ್ಯ ಹುಟ್ಟುವುದಿಲ್ಲ. ಆದರೂ ಬೆಚ್ಚನೆಯ ಸಾಗರಪ್ರವಾಹದಿಂದಾಗಿ ನಡುಚಳಿಗಾಲದಲ್ಲೇ ಒಮ್ಮೊಮ್ಮೆ ಮಳೆ ಬರುತ್ತದೆ. ಮೈನಸ್ 30ರ ಒಣಚಳಿಗಿಂತ ಸೊನ್ನೆ ಡಿಗ್ರಿಯ ಮಳೆ ಅಲ್ಲಿ ಹೆಚ್ಚು ಕಾಡಬಲ್ಲದು. ಬೆವರಿನ ಬದಲು ಹೊರಗಿನಿಂದ ತೋಯುವುದು, ಫಲ ಒಂದೇ.

ಅಂಟಾರ್ಕ್ಟಿಕಾಕ್ಕೆ ಹೊರಡುವ ಬಟ್ಟೆ ಬೆಚ್ಚಗಿದ್ದರೆ ಸಾಲದು, ಚೊಕ್ಕಟವಾಗಿರಬೇಕು. 2007-08ರ ಬೇಸಿಗೆಯಲ್ಲಿ ಅಲ್ಲಿಗೆ ಹೋದವರ ಬಟ್ಟೆಬರೆ, ಚೀಲಗಳನ್ನು ಸೋಸಿ ನೋಡಿದ ವಿಜ್ಞಾನಿಗಳಿಗೆ ಸರಾಸರಿ ಒಬ್ಬೊಬ್ಬರಲ್ಲಿ ಒಂಬತ್ತು ಹತ್ತು ಗಿಡದ ಬೀಜಗಳು ಸಿಕ್ಕವು. ಪಶ್ಚಿಮಘಟ್ಟದ ಚಾರಣಕ್ಕೆ ಹಾಕಿದ ಬೂಟಿನ ಲೇಸಿನಲ್ಲಿ ಸಿಕ್ಕಿಕೊಂಡ ಉತ್ತರಾಣಿ ಬೀಜವೂ ಬೇಡದ ಅತಿಥಿಯೇ. ಜೇಬು, ವೆಲ್ಕ್ರೊ ಪಟ್ಟಿಗಳನ್ನು ನಿರ್ವಾತ ಯಂತ್ರದಿಂದ ಎಳೆದು, ಬೂಟು ತೊಳೆದು ಹೊರಡುವುದು ಈಗ ರೂಢಿ.

ಇನ್ನು ರಾತ್ರಿಯ ಮಾತು. ಕೇಂದ್ರದಲ್ಲಿ ಮಲಗುವವರಿಗೆ ತೊಂದರೆ ಇಲ್ಲ, ಒಳಗೆ ಬೆಚ್ಚಗಿರುತ್ತದೆ. ದೂರದ ಬೆಟ್ಟಗಳಲ್ಲಿ ಡೇರೆ ಹಾಕುವವರದು ಬೇರೆ ಲೆಕ್ಕ. ಡೇರೆಯೊಳಗೆ ಒಲೆ ಹಚ್ಚಿದಾಗ ಚಳಿ ಬರುತ್ತದೆಂದು ಗಾಳಿಕಿಂಡಿ ಮುಚ್ಚುವ ಆಸೆಯನ್ನು ಹತ್ತಿಕ್ಕಬೇಕು. 1934ರಲ್ಲಿ ಒಂಟಿಯಾಗಿ ಚಳಿಗಾಲ ಕಳೆಯಲು ಹೋದ ಅಮೆರಿಕದ ರಿಚರ್ಡ್ ಬರ್ಡ್ ಒಲೆಯ ಕಾರ್ಬನ್ ಮೊನಾಕ್ಸೈಡ್‌ನಿಂದ ಸಾವಿನ ಹತ್ತಿರ ಹೋಗಿ ಬಂದ. ಮಲಗುವ ಮುನ್ನ ಹೊಟ್ಟೆತುಂಬ ಕೊಬ್ಬಿನ ಅಂಶದ ಊಟ. ಹೊರಗಿನ ದುಡಿಮೆಗೆ ದಿನಕ್ಕೆ ನಾಲ್ಕೈದು ಸಾವಿರ ಕಿಲೋಕ್ಯಾಲರಿ ಬೇಕಾಗುತ್ತದೆ, ತುಪ್ಪ ಸುರಿದುಕೊಳ್ಳಲು ಅಲ್ಲಿ ಯಾರ ಅಡ್ಡಿಯೂ ಇಲ್ಲ. ಸೀಸೆಗೆ ಬಿಸಿನೀರು ತುಂಬಿ, ಕಾಲುಚೀಲದಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗಿನ ತಳಕ್ಕೆ ಹಾಕುತ್ತಾರೆ. ರಾತ್ರಿ ಕಾಲಿಗೆ ಬಿಸಿ, ಬೆಳಿಗ್ಗೆ ಕುಡಿಯಲು ಹೆಪ್ಪುಗಟ್ಟದ ನೀರು. ಬೂಟಿನ ಒಳಪದರ, ಬ್ಯಾಟರಿ, ಸನ್‌ಸ್ಕ್ರೀನ್ ಎಲ್ಲವೂ ಬ್ಯಾಗಿನೊಳಗೇ. ದಿನದ ಬಟ್ಟೆಯಲ್ಲಿ ಮಲಗದೆ ಮಲಗುವುದಕ್ಕೆಂದೇ ಇಟ್ಟ ಒಣ ಜೊತೆಯನ್ನು ತೊಡಬೇಕು. ಚಳಿಗೆ ಬ್ಯಾಗಿನೊಳಗೆ ತಲೆ ಎಳೆದುಕೊಳ್ಳಬೇಕೆನ್ನಿಸುತ್ತದೆ. ಎಳೆದುಕೊಳ್ಳಬಾರದು; ರಾತ್ರಿಯಿಡೀ ಬಿಡುವ ಉಸಿರಿನ ತೇವವೆಲ್ಲ ಪುಕ್ಕಕ್ಕೆ ಇಳಿದು ಮೂರು ನಾಲ್ಕು ರಾತ್ರಿಯಲ್ಲಿ ಬ್ಯಾಗು ಚೆರ್ರಿ-ಗರಾರ್ಡನ ಚೀಲದ ಹಾದಿ ಹಿಡಿಯುತ್ತದೆ. ಮೂಗಿಗೊಂದು ಉಣ್ಣೆಯ ಮುಸುಕು ಹಾಕಿ, ಅದನ್ನು ಹೊರಗಿಟ್ಟೇ ಮಲಗಬೇಕು. ಬೆಳಿಗ್ಗೆ ಮುಸುಕಿನ ಮೇಲೆ ಕಟ್ಟಿದ ಮಂಜನ್ನು ಕೊಡವಿ, ಹವೆ ಒಣಗಿದ್ದರೆ ಬ್ಯಾಗನ್ನು ಒಳಹೊರಗು ಮಾಡಿ ಡೇರೆಯ ಮೇಲೆ ಬಿಸಿಲಿಗೆ ಹರವುತ್ತಾರೆ.